ಬ್ಯಾಟರಿಯ ಅಡಿಯಲ್ಲಿ ಆಟ

ನೋಕಿಯಾದ ಎನ್-ಗೇಜ್ ಹೆಸರೆತ್ತಿದರೆ ಜನ ನಗುವುದು ಅದನ್ನು ಕಿವಿಗೆ ಹಿಡಿಯಬೇಕಾಗಿದ್ದ ಭಂಗಿಗೆ. 2003ರ ಅಕ್ಟೋಬರಿನಲ್ಲಿ ಬಂದ ಈ ಆಟದ ಫೋನಿನ ಸ್ಪೀಕರು, ಮೈಕು ಎರಡೂ ಅಂಚಿನಲ್ಲಿದ್ದವು. ಹಾಗಾಗಿ ಮಾತಾಡುವವರು ಅದರ ಅಂಚನ್ನೇ ಕೆನ್ನೆಗಾನಿಸಿಕೊಳ್ಳಬೇಕು. ನೋಡುವವರಿಗೆ ಮಡಚಿದ ದೋಸೆಯನ್ನು ಕಿವಿಗಿಟ್ಟುಕೊಂಡಂತೆ ಕಾಣುತ್ತಿತ್ತು. ಅಮೆರಿಕದವರು ತಮ್ಮಲ್ಲಿನ ಟ್ಯಾಕೊ ಎಂಬ ಮಡಚಿದ ತಿಂಡಿ ನೆನೆದು ‘ಟ್ಯಾಕೊ ಫೋನ್’ ಎಂದರು. ನಗುವಂಥದ್ದೇ. ಆದರೆ ಈ ಗೇಲಿಯ ಗದ್ದಲದಲ್ಲಿ ಅದಕ್ಕಿಂತ ದೊಡ್ಡ ಎಡವಟ್ಟೊಂದು ಮರೆಯಾಯಿತು.

ಆಟಗಳು ಸಣ್ಣ ಮೆಮೊರಿ ಕಾರ್ಡುಗಳಲ್ಲಿ ಬರುತ್ತಿದ್ದವು. ಕಾರ್ಡಿನ ಜಾಗ ಎಲ್ಲಿ? ಬ್ಯಾಟರಿಯ ಅಡಿಯಲ್ಲಿ. ಆಟ ಬದಲಿಸಬೇಕೆಂದರೆ ಹಿಂದಿನ ಮುಚ್ಚಳ ಕಳಚಿ, ಬ್ಯಾಟರಿ ತೆಗೆದು, ಕಾರ್ಡ್ ಬದಲಿಸಿ, ಎಲ್ಲವನ್ನೂ ಮತ್ತೆ ಕೂರಿಸಿ, ಫೋನಿನ ಕಾರ್ಯಾಚರಣಾ ವ್ಯವಸ್ಥೆಯಾದ ಸಿಂಬಿಯನ್ ನಿಧಾನಕ್ಕೆ ಏಳುವ ತನಕ ಕಾಯಬೇಕು. ಅಷ್ಟು ಹೊತ್ತು ಯಾರಾದರೂ ಕರೆ ಮಾಡಿದರೆ ಫೋನ್ ಸ್ವಿಚ್ ಆಫ್. ಅದೇ ಕಾಲದ, ನಿಂಟೆಂಡೊದ ಕೈಯಾಟದ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಒಂದು ಕಾರ್ಟ್ರಿಜ್ ಎಳೆದು ಇನ್ನೊಂದು ತುರುಕಿದರಾಯಿತು, ಅದೂ ಹುಡುಗರ ಕೈಯಲ್ಲಿ.

ಫೋನು, ಆಟ, ಕಂಪ್ಯೂಟರ್ ಎಲ್ಲವನ್ನೂ ಜೇಬಿಗೆ ಇಳಿಸುವ ಸಾಧನವನ್ನು ಅಳೆಯಬೇಕಾದದ್ದು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ. ಸೌಲಭ್ಯಗಳ ಪಟ್ಟಿ ಯಾರು ಬೇಕಾದರೂ ಬರೆಯಬಹುದು. ಎನ್-ಗೇಜ್‌ನ ಪಟ್ಟಿಯಂತೂ ಆ ಕಾಲಕ್ಕೆ ಮೆಚ್ಚಲೇಬೇಕಾದದ್ದು: 104 ಮೆಗಾಹರ್ಟ್ಸ್ ಚಿಪ್ಪು, ಇಮೇಲ್, ವೆಬ್, ಎಂಪಿ3, ಎಫ್‌ಎಂ ರೇಡಿಯೊ, ಪಕ್ಕದಲ್ಲಿ ಕೂತವರ ಜೊತೆ ಬ್ಲೂಟೂತ್‌ನಲ್ಲಿ ಪಂದ್ಯ. ಅಮೆರಿಕದಲ್ಲಿ ಬೆಲೆ 299 ಡಾಲರ್. ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಗೆ ಆಗ 99.

ಆದರೆ ಒಳಗೆ ಫೋನಿಗೂ ಆಟಕ್ಕೂ ತಕರಾರು ಬಂದಾಗಲೆಲ್ಲ ಗೆದ್ದದ್ದು ಫೋನೇ. ಪರದೆ ನೋಡಿ: 176 ಅಗಲ, 208 ಎತ್ತರ. ನೋಕಿಯಾದ ಆಗಿನ ಸ್ಮಾರ್ಟ್‌ಫೋನುಗಳಲ್ಲಿದ್ದ ನಿಲುವು ಪರದೆಯೇ ಇದು. ಗೇಮ್ ಬಾಯ್ ಪರದೆ 240 ಅಗಲ, 160 ಎತ್ತರ. ಎಡದಿಂದ ಬಲಕ್ಕೆ ಓಡುವ ಆಟದ ನಾಯಕ ಸೋನಿಕ್‌ನನ್ನು ಇಲ್ಲಿಗೆ ತಂದರೆ ಒಂದೋ ಅವನ ಮುಂದಿನ ದಾರಿಯನ್ನು ಕತ್ತರಿಸಬೇಕು, ಇಲ್ಲವೇ ಅವನನ್ನೇ ಕುಗ್ಗಿಸಬೇಕು. ಹಾರಲು, ಹೊಡೆಯಲು ಬಳಸಬೇಕಾದದ್ದು ನಂಬರಿನ ಬಟನ್‌ಗಳು. 5 ಮತ್ತು 7ನ್ನು ಕೊಂಚ ಉಬ್ಬಿಸಿ ಕೈತೊಳೆದುಕೊಂಡಿದ್ದರು.

ಇದನ್ನು ಮಾಡಿದ ಕಂಪನಿಯೇ 1997ರಲ್ಲಿ 6110 ಮಾದರಿಯ ಜೊತೆ ‘ಸ್ನೇಕ್’ ಎಂಬ ಹಾವಿನ ಆಟ ಕೊಟ್ಟಿತ್ತು ಎಂಬುದು ಸೋಜಿಗ. ಅದನ್ನು ಬರೆದ ತಾನೆಲಿ ಅರ್ಮಾಂಟೊ ಫೋನಿನಲ್ಲಿ ಇದ್ದದ್ದನ್ನಷ್ಟೇ ನಂಬಿದರು: ನಾಲ್ಕು ಬಟನ್ನು, ಎರಡೇ ಬಣ್ಣದ ಪರದೆ. ಆಮೇಲೆ 3310 ಬಂದ ಕಾಲಕ್ಕೆ ನಮ್ಮ ಬಸ್ ನಿಲ್ದಾಣಗಳಲ್ಲೂ ಹಾವಾಡಿಗರು ಹೆಚ್ಚಿದರು. ಅದಕ್ಕಾಗಿ ಯಾರೂ ಬ್ಯಾಟರಿ ಕಳಚಬೇಕಾಗಿರಲಿಲ್ಲ.

ನೋಕಿಯಾ ಕಣ್ಣುಮುಚ್ಚಿ ಕೂರಲಿಲ್ಲ. 2004ರಲ್ಲೇ ಎನ್-ಗೇಜ್ ಕ್ಯೂಡಿ ಬಂತು. ಕಾರ್ಡಿನ ಗೂಡು ಹೊರಗೆ ಬಂತು, ಸ್ಪೀಕರು ಮುಂಭಾಗಕ್ಕೆ ಬಂದು ಎಲ್ಲರಂತೆ ಮಾತಾಡುವ ಭಾಗ್ಯ ಸಿಕ್ಕಿತು. ಎಂಪಿ3 ಪ್ಲೇಯರ್ ಮತ್ತು ರೇಡಿಯೊವನ್ನು ಕಿತ್ತುಹಾಕಿದರು. ಹಾಡು ಹೋಯಿತೆಂದು ಗೊಣಗಿದವರಿದ್ದರು. ನನಗಂತೂ ಇಡೀ ಸಾಹಸದಲ್ಲಿ ವಿನ್ಯಾಸ ಎನ್ನಬಹುದಾದ ಕೆಲಸ ಶುರುವಾದದ್ದು ಇಲ್ಲಿ, ಯಾವುದನ್ನು ಬಿಡಬೇಕು ಎಂದು ಯಾರೋ ಕೂತು ಯೋಚಿಸಿದಾಗ. ಪರದೆ ಮಾತ್ರ ಹಾಗೇ ಉಳಿಯಿತು. ಅದೇ ವರ್ಷದ ಕೊನೆಗೆ ನಿಂಟೆಂಡೊ ಡಿಎಸ್ ಕೂಡ ಬಂದುಬಿಟ್ಟಿತು.

ಫೋನಿಗೆಷ್ಟು, ಆಟಕ್ಕೆಷ್ಟು ಎಂಬ ಹಂಚಿಕೆಯ ಲೆಕ್ಕವನ್ನು ಹೆಚ್ಚು ಸರಿಯಾಗಿ ಮಾಡಿದ್ದು 2011ರ ಸೋನಿ ಎರಿಕ್ಸನ್ ಎಕ್ಸ್‌ಪೀರಿಯಾ ಪ್ಲೇ. ಮೇಲ್ನೋಟಕ್ಕೆ ಮಾಮೂಲಿ ಆಂಡ್ರಾಯ್ಡ್ ಫೋನು. ಪರದೆಯನ್ನು ಬೆರಳಿನಿಂದ ನೂಕಿದರೆ ಕೆಳಗಿನಿಂದ ಆಟದ ಬಟನ್‌ಗಳು ಜಾರಿ ಹೊರಬರುತ್ತವೆ, ಪರದೆ ಅಡ್ಡಕ್ಕೆ ತಿರುಗುತ್ತದೆ. ಆಟ ಮುಗಿಯಿತೇ, ಒಳಗೆ ನೂಕಿದರೆ ಮತ್ತೆ ಫೋನು. ಅದಕ್ಕೆ ಒಳ್ಳೆಯ ಆಟಗಳು ಸಾಕಷ್ಟು ಬರಲಿಲ್ಲ, ಅದು ಬೇರೆ ಸಂಗತಿ. ಆ ಜಾರುಗದಕ್ಕೆ ತೆತ್ತ ಬೆಲೆ 16 ಮಿಲಿಮೀಟರ್ ದಪ್ಪ, ಪ್ಯಾಂಟಿನ ಜೇಬು ಉಬ್ಬಿಸುವಷ್ಟು. ಆ ಉಬ್ಬಿಗೆ ನನ್ನ ತಕರಾರಿಲ್ಲ.