ಇಕ್ಕಟ್ಟಿನಲ್ಲಿ ಜೊತೆ: ಆಶ್ರಯದ ಕೀರ್ತನೆಗಳನ್ನು ಹೊಸದಾಗಿ ಓದುವವರಿಗೆ

ಬೈಬಲ್ಲಿನ ಅಭಯದ ಮಾತುಗಳು ಹೆಚ್ಚಿನವರ ಕಣ್ಣಿಗೆ ಮೊದಲು ಬೀಳುವುದು ಪುಸ್ತಕದ ಹೊರಗೆ. ಪಡಸಾಲೆಯ ಗೋಡೆಗೆ ತೂಗುಹಾಕಿದ ಫಲಕ, ಆಟೋದ ಹಿಂಬದಿ, ಚರ್ಚಿನ ಹೊಸ ವರ್ಷದ ಕ್ಯಾಲೆಂಡರ್, ಆಪರೇಷನ್ನಿನ ಹಿಂದಿನ ರಾತ್ರಿ ಬರುವ ವಾಟ್ಸಾಪ್ ಸಂದೇಶ. ಎಲ್ಲ ಕಡೆಯೂ ಒಂದು ಸಾಲು, ಹೆಚ್ಚೆಂದರೆ ಎರಡು. ನಂಬುವವರಿಗೆ ಅಷ್ಟೇ ಸಾಕೆನಿಸುತ್ತದೆ. ನಂಬದವರಿಗೆ ಅದು ಅತಿಯಾಯಿತು ಅನ್ನಿಸುತ್ತದೆ: ಏನೂ ಆಗುವುದಿಲ್ಲವೆಂದು ಯಾರು ತಾನೇ ಬರೆದುಕೊಟ್ಟಾರು? ಇಬ್ಬರಿಗೂ ನನ್ನ ಸಲಹೆ ಒಂದೇ. ಆ ಸಾಲನ್ನು ಪಕ್ಕಕ್ಕಿಟ್ಟು ಇಡೀ ಕೀರ್ತನೆ ಓದಿ. ಈ ಕವಿತೆಗಳು ಮೊದಲು ಭಯವನ್ನು ಹೆಸರು ಹಿಡಿದು ಕರೆಯುತ್ತವೆ, ಆಮೇಲಷ್ಟೇ ಅಭಯ ಕೊಡುತ್ತವೆ. ಬಿಡಿ ಸಾಲಿನಲ್ಲಿ ಉಳಿಯುವುದು ಅಭಯ ಮಾತ್ರ, ಅದಕ್ಕೇ ಅದು ಸಪ್ಪೆ.

ಹಳೆಯ ಒಡಂಬಡಿಕೆಯ ಕೀರ್ತನೆಗಳ ಪುಸ್ತಕದಲ್ಲಿ 150 ಹಾಡುಗಳಿವೆ. ಸ್ತುತಿ, ಶಾಪ, ಪಶ್ಚಾತ್ತಾಪ, ಸೆರೆಹೋದವರ ಅಳು, ರಾಜನ ಮದುವೆ, ಎಲ್ಲವೂ ಉಂಟು. ಶುರುವಿಗೆ ನಾಲ್ಕು ಸಾಕು: 23, 46, 91, 121. ಒಟ್ಟು 41 ವಚನ, ಹತ್ತು ನಿಮಿಷದ ಓದು. ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳ ಲೆಕ್ಕದಲ್ಲಿ ಈ ಸಂಖ್ಯೆಗಳು ಒಂದು ಹಿಂದೆ ಬೀಳುತ್ತವೆ, ಆದ್ದರಿಂದ ಹಳೆಯ ಚರ್ಚ್ ಸಂಗೀತದ ಧ್ವನಿಮುದ್ರಿಕೆಯ ಮೇಲೆ 90 ಎಂದಿದ್ದರೆ ಅದು ನಮ್ಮ 91 ಎಂದು ತಿಳಿಯಿರಿ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ಕೆಲಸ ಅದು. ಆಮೇಲೆ ಪರಿಷ್ಕರಣೆಗಳೂ ಆಡುಮಾತಿಗೆ ಹತ್ತಿರದ ಅನುವಾದಗಳೂ ಬಂದವು. ಅರ್ಥಕ್ಕೆ ಹೊಸದನ್ನು ನೋಡಿ. ಗಟ್ಟಿಯಾಗಿ ಓದಲು ಮಾತ್ರ ಹಳೆಯದೇ ಚೆನ್ನ, ಅದಕ್ಕೆ ಪಾರಾಯಣದ ನಡೆ ಇದೆ. ಮನಸ್ಸಿನಲ್ಲೇ ಓದಿಕೊಂಡರೆ ಈ ಕವಿತೆಗಳ ಅರ್ಧ ರುಚಿಯೂ ದಕ್ಕದು.

ಕಿವಿ ಎಲ್ಲಿಡಬೇಕು? ನಮ್ಮ ಪದ್ಯಗಳಲ್ಲಿ ಪ್ರಾಸ ಹುಡುಕುವ ಅಭ್ಯಾಸದಿಂದ ಇಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ. ಹೀಬ್ರೂ ಕಾವ್ಯದ ಘಟಕ ಜೋಡಿಸಾಲು. ಒಂದು ಸಾಲು ಹೇಳಿದ್ದನ್ನು ಇನ್ನೊಂದು ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಲೌತ್ 1753ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ಇದನ್ನು ವಿವರವಾಗಿ ತೋರಿಸಿಕೊಟ್ಟವು. 1981ರಲ್ಲಿ ವಿದ್ವಾಂಸ ಜೇಮ್ಸ್ ಕೂಗೆಲ್ ಅದನ್ನು ತಿದ್ದಿದರು: ಎರಡನೆಯ ಸಾಲು ಬರಿಯ ಮರುನುಡಿಯಲ್ಲ, 'ಅಷ್ಟೇ ಅಲ್ಲ, ಇನ್ನೂ ಕೇಳು' ಎನ್ನುವ ಸಾಲು. ರಸಿಕರಿಗೆ ಕೂಗೆಲ್ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರತಿ ಜೋಡಿಯಲ್ಲೂ ಎರಡನೆಯ ಸಾಲು ಮೊದಲನೆಯದಕ್ಕಿಂತ ಎಷ್ಟು ಮುಂದೆ ಹೋಯಿತು ಎಂದು ನೋಡುತ್ತಾ ಹೋಗಿ.

121ರಲ್ಲಿ ಇದನ್ನು ಪರೀಕ್ಷಿಸಬಹುದು. ಹಗಲಿನ ಬಿಸಿಲು ಬಡಿಯದಂತೆ ದೇವರು ಕಾಯುತ್ತಾನೆ ಎಂಬುದು ಒಂದು ಸಾಲು. ಬಿಸಿಲುನಾಡಿನ ದಾರಿಹೋಕನಿಗೆ ಬೇಕಾದ ಮಾತೇ ಸರಿ. ಜೋಡಿಸಾಲು ರಾತ್ರಿಯ ಚಂದ್ರನನ್ನು ತರುತ್ತದೆ. ಬೆಳದಿಂಗಳಿಗೆ ಯಾರಾದರೂ ಹೆದರುತ್ತಾರೆಯೇ? ಆ ಕಾಲದವರು ಹೆದರುತ್ತಿದ್ದರು. ಚಂದ್ರನ ಸೋಂಕಿನಿಂದ ಮೂರ್ಛೆರೋಗ ಬರುತ್ತದೆ, ಬುದ್ಧಿ ಕೆಡುತ್ತದೆ ಎಂಬ ನಂಬಿಕೆ ಆ ಕಡೆಯ ನಾಡುಗಳಲ್ಲೆಲ್ಲ ಇತ್ತು. ಕಾರಣವಿರುವ ಭಯಕ್ಕೆ ಒಂದು ಸಾಲು, ಕಾರಣವಿಲ್ಲದ ಭಯಕ್ಕೂ ಒಂದು ಸಾಲು. 'ಅದಕ್ಕೆಲ್ಲ ಹೆದರುತ್ತಾರೇನು' ಎಂದು ಕವಿ ನಗುವುದಿಲ್ಲ.

ಯೆರೂಸಲೇಮಿಗೆ ಹತ್ತಿ ಹೋಗುವ ಭಕ್ತರ ಹಾಡುಗಳೆಂದು 120ರಿಂದ 134ರವರೆಗಿನ 15 ಕೀರ್ತನೆಗಳಿಗೆ ಯಾತ್ರಾಗೀತೆ ಎಂಬ ತಲೆಬರಹವಿದೆ. 121 ಅವುಗಳಲ್ಲಿ ಎರಡನೆಯದು. ಬೆಟ್ಟಗಳ ಕಡೆ ನೋಡುತ್ತಾ ನನಗೆ ಸಹಾಯ ಎಲ್ಲಿಂದ ಎಂದು ಒಬ್ಬ ಕೇಳುತ್ತಾನೆ. ಬೆಟ್ಟ ಅಂದರೆ ದೇವಾಲಯವಿರುವ ಜಾಗವೋ ಕಳ್ಳರು ಅಡಗಿರುವ ಜಾಗವೋ ಎಂದು ವ್ಯಾಖ್ಯಾನಕಾರರು ಇನ್ನೂ ವಾದಿಸುತ್ತಾರೆ. ನನ್ನ ಕೇಳಿದರೆ ಎರಡೂ ಇರಲಿ. ಉತ್ತರ ಬರುವುದು 'ನೀನು' ಎಂದು ಮಾತಾಡುವ ಬೇರೊಂದು ದನಿಯಲ್ಲಿ, ಹೊರಟವನನ್ನು ಬೀಳ್ಕೊಡುವ ಹಿರಿಯರ ದನಿಯಂತೆ. ಒಂದು ಸಾಲಿನ ಕೊನೆಯ ಮಾತನ್ನು ಮುಂದಿನ ಸಾಲು ಕೈಗೆತ್ತಿಕೊಂಡು ಮೆಟ್ಟಿಲು ಹತ್ತಿದಂತೆ ಹತ್ತುತ್ತದೆ. 'ಕಾಯುವುದು' ಎಂಬ ಒಂದೇ ಕ್ರಿಯೆ ಎಂಟು ವಚನಗಳಲ್ಲಿ ಆರು ಸಲ ಬರುತ್ತದೆ. ಕೊನೆಗೆ ಕಾಯುವುದು ಹೋಗುವುದನ್ನೂ ಬರುವುದನ್ನೂ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನುವ ನಮಗೆ ಈ ಮುಕ್ತಾಯಕ್ಕೆ ಟಿಪ್ಪಣಿ ಬೇಕಿಲ್ಲ.

23 ಎಲ್ಲರಿಗೂ ಗೊತ್ತು, ಅದೇ ತೊಂದರೆ. ಗೊತ್ತಿದ್ದರೂ ಕಿವಿತಪ್ಪುವ ಒಂದು ತಿರುವನ್ನು ಮಾತ್ರ ತೋರಿಸಿ ಮುಂದೆ ಹೋಗುತ್ತೇನೆ. ಹಸುರು, ನೀರು ಇರುವಷ್ಟು ಹೊತ್ತು ಕುರುಬನನ್ನು ಕವಿ 'ಆತ' ಎನ್ನುತ್ತಾನೆ. ನಾಲ್ಕನೆಯ ವಚನದಲ್ಲಿ ದಾರಿ ಕಾರ್ಗತ್ತಲ ಕಣಿವೆಗೆ ಇಳಿಯುತ್ತದೆ, ಅಲ್ಲಿ 'ಆತ' ಇದ್ದವನು 'ನೀನು' ಆಗುತ್ತಾನೆ. ದೇವರ ಬಗ್ಗೆ ಮಾತಾಡುತ್ತಿದ್ದವನು ದೇವರೊಡನೆ ಮಾತಾಡತೊಡಗುತ್ತಾನೆ. ಓದುವಾಗ ಅಲ್ಲಿ ದನಿ ತಗ್ಗಬೇಕು. ಐದನೆಯ ವಚನದಲ್ಲಿ ಊಟಕ್ಕೆ ಬಡಿಸುವುದು ಶತ್ರುಗಳ ಎದುರಿಗೇ. ಅವರು ಎಲ್ಲಿಗೂ ಹೋಗಿಲ್ಲ, ನೋಡುತ್ತಾ ನಿಂತಿದ್ದಾರೆ.

91ಕ್ಕೆ ಪುರಸೊತ್ತು ಬೇಕು. ಮೊದಲೆರಡು ವಚನಗಳಲ್ಲೇ ದೇವರಿಗೆ ನಾಲ್ಕು ಹೆಸರು, ರಕ್ಷಣೆಗೆ ನಾಲ್ಕು ಚಿತ್ರ: ಮರೆ, ನೆರಳು, ಆಶ್ರಯ, ಕೋಟೆ. ಮುಂದೆ ಬೇಟೆಗಾರನ ಬಲೆ, ಮಾರಿರೋಗ. ನಾಲ್ಕನೆಯ ವಚನದಲ್ಲಿ ದೇವರು ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಕ್ಕಿ, ಅದೇ ಉಸಿರಿನಲ್ಲಿ ಗುರಾಣಿ. ಮೆತ್ತಗಿನದು, ಗಟ್ಟಿಯದು ಒಟ್ಟೊಟ್ಟಿಗೆ. ಆಮೇಲೆ ಗಡಿಯಾರ ಸುತ್ತುತ್ತದೆ: ರಾತ್ರಿಯ ದಿಗಿಲು, ಹಗಲು ಹಾರುವ ಬಾಣ, ಕತ್ತಲಲ್ಲಿ ನಡೆದಾಡುವ ರೋಗ, ನಡುಮಧ್ಯಾಹ್ನ ಎರಗುವ ಕೇಡು. ರಾಮರಕ್ಷೆ, ದೇವೀಕವಚ ಹೇಳಿ ಬೆಳೆದವರಿಗೆ ಇದು ಪರಿಚಿತ ಜಾತಿಯ ಪದ್ಯ ಎನ್ನಿಸಬಹುದು. ಆದರೆ ಕವಚ ಕಾಯುವುದು ತಲೆಯಿಂದ ಕಾಲಿನವರೆಗೆ, ಅಂಗ ಅಂಗವನ್ನು. 91 ಕಾಯುವುದು ಹೊತ್ತು ಹೊತ್ತನ್ನು. ಜ್ವರದ ಮಗುವಿನ ಪಕ್ಕ ರಾತ್ರಿ ಕೂತವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ, ಅವರಿಗೆ ಗಂಟೆಗಳೇ ಶತ್ರು.

ಏಳನೆಯ ವಚನದಲ್ಲಿ ನಿಲ್ಲಿ. ಪಕ್ಕದಲ್ಲಿ ಸಾವಿರ ಜನ, ಬಲಗಡೆ ಹತ್ತು ಸಾವಿರ ಜನ ಬೀಳುತ್ತಾರೆ, ನಿನ್ನ ಹತ್ತಿರ ಏನೂ ಸುಳಿಯದು. ಫಲಕದ ಮೇಲೆ ಇದನ್ನು ಬರೆಸುವವರು ಬಿದ್ದವರ ಮನೆಯವರನ್ನು ನೆನೆಯುವುದಿಲ್ಲವೇನೋ. ಕಷ್ಟದ ಸಾಲು ಇದು, ಮುಜುಗರದ್ದೂ ಹೌದು. ಹಾರಿಸಿ ಓದಬೇಡಿ. ಮುಂದೆ ದೇವದೂತರು ಕಲ್ಲಿಗೆ ಕಾಲು ಎಡವದಂತೆ ಎತ್ತಿಕೊಳ್ಳುತ್ತಾರೆ, ಸಿಂಹ ಸರ್ಪಗಳು ಕಾಲಡಿಗೆ ಬೀಳುತ್ತವೆ. ಕವಿತೆ ಇಲ್ಲಿಗೆ, ಅಂದರೆ 13ಕ್ಕೆ ಮುಗಿದಿದ್ದರೆ ಬರಿಯ ತಾಯತವಾಗುತ್ತಿತ್ತು.

ತಾಯತ ಎಂದದ್ದು ಸುಮ್ಮನೆ ಅಲ್ಲ. ಪ್ರಾಚೀನ ಕಾಲದ ಪಪೈರಸ್ ಚೂರು, ಉಂಗುರ, ಕೈಬಳೆ, ಬಾಗಿಲ ಮೇಲ್ಪಟ್ಟಿಗಳಲ್ಲಿ ರಕ್ಷೆಗೆಂದು ಬರೆಸಿಕೊಂಡ ಬೈಬಲ್ ಪಾಠಗಳಲ್ಲಿ ಅತಿ ಹೆಚ್ಚಾಗಿ ಸಿಗುವುದು ಇದೇ ಕೀರ್ತನೆ. ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ 1956ರಲ್ಲಿ ಸಿಕ್ಕ ಹನ್ನೊಂದನೆಯ ಗುಹೆಯ ಒಂದು ಸುರುಳಿಯಲ್ಲಿ ಅದು ದೆವ್ವ ಬಿಡಿಸುವ ಹಾಡುಗಳ ಜೊತೆಗೇ ಇದೆ. ಮಲಗುವ ಮುನ್ನ ಇದನ್ನು ಹೇಳಿಕೊಳ್ಳುತ್ತಿದ್ದ ರಬ್ಬಿಯೊಬ್ಬರ ಸಂಗತಿ ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನಲ್ಲಿ ಬರುತ್ತದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಂತೆ ಸನ್ಯಾಸಿಗಳು ಪ್ರತಿ ರಾತ್ರಿಯ ಕೊನೆಯ ಪ್ರಾರ್ಥನೆಯಲ್ಲಿ ಇದನ್ನು ಹಾಡಬೇಕು. ಯೆಹೂದ್ಯರು ಶವವನ್ನು ಸಮಾಧಿಗೆ ಒಯ್ಯುವಾಗಲೂ ನಿಂತು ನಿಂತು ಇದನ್ನು ಹೇಳುವ ಪದ್ಧತಿ ಇದೆ. ಕೇಡು ಹತ್ತಿರ ಸುಳಿಯದು ಎನ್ನುವ ಹಾಡು, ಸತ್ತವರ ಹಿಂದೆ! ಸುಳ್ಳಾಯಿತೆಂದು ಆ ಜನ ಅದನ್ನು ಬಿಟ್ಟುಬಿಡಲಿಲ್ಲ. ಅವರಿಗೆ ಅದರಲ್ಲಿ ಬೇರೇನೋ ಕೇಳಿಸಿರಬೇಕು.

ಅದು ಕೇಳಿಸುವುದು 14ರಿಂದ 16ರವರೆಗಿನ ಮೂರು ವಚನಗಳಲ್ಲಿ. 'ಆತನು ಹೀಗೆಂದನು' ಎಂಬ ಪೀಠಿಕೆಯೂ ಇಲ್ಲದೆ ದನಿ ಬದಲಾಗುತ್ತದೆ, ಈಗ ಮಾತಾಡುವುದು ದೇವರೇ. ಬಿಡಿಸುತ್ತೇನೆ, ಓಗೊಡುತ್ತೇನೆ, ಘನಪಡಿಸುತ್ತೇನೆ ಎಂದು ಕ್ರಿಯಾಪದಗಳು ಸಾಲುಗಟ್ಟುತ್ತವೆ. ಇಷ್ಟು ಹೊತ್ತು ಮಾತಾಡಿದ ಮನುಷ್ಯದನಿ ಯಾವ ಕೇಡೂ ಬಾರದೆಂದಿತ್ತು. ದೇವರ ದನಿಗೆ ಆ ಧಾರಾಳವಿಲ್ಲ. ಇಕ್ಕಟ್ಟು ಬಾರದು ಎಂದು ಅದು ಎಲ್ಲೂ ಹೇಳುವುದಿಲ್ಲ. ಇಕ್ಕಟ್ಟು ಬಂದಾಗ ಜೊತೆಗಿದ್ದು ಬಿಡಿಸುವ ಮಾತು ಕೊಡುತ್ತದೆ. ಭಕ್ತನ ಉತ್ಸಾಹದ ಮಾತನ್ನು ದೇವರು ಕೊನೆಯಲ್ಲಿ ಮೆಲ್ಲಗೆ ತಿದ್ದಿದ ಹಾಗಿದೆ. ಹೊಸ ಓದುಗರಿಗೆ ಒಂದು ಪ್ರಯೋಗ: ಇಬ್ಬರು ಕೂತು ಓದಿ, ಒಬ್ಬರು 13ರವರೆಗೆ, ಇನ್ನೊಬ್ಬರು 14ರಿಂದ. ವ್ಯಾಖ್ಯಾನ ಬೇಕಾಗುವುದಿಲ್ಲ.

ಈ ಕೀರ್ತನೆಯನ್ನು ತುಂಡರಿಸಿ ಓದಿದವರಲ್ಲಿ ಹೆಸರಾಂತನೆಂದರೆ ಸೈತಾನ. ಮತ್ತಾಯ, ಲೂಕ ಇಬ್ಬರ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲೂ ಆತ ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ, ದೂತರು ಎತ್ತಿಕೊಳ್ಳುತ್ತಾರೆಂಬ ಸಾಲನ್ನು ಬಾಯಿಪಾಠ ಒಪ್ಪಿಸಿ, ಧುಮುಕು ಎನ್ನುತ್ತಾನೆ. ಮುಂದಿನ ವಚನದಲ್ಲೇ ಸರ್ಪವನ್ನು ತುಳಿಯುವ ಮಾತು ಇರುವುದರಿಂದ ಆತ ಅಲ್ಲಿಗೇ ನಿಲ್ಲಿಸಿದ್ದು ಜಾಣತನ. ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ವಿಧಿಯನ್ನು ಮುಂದಿಟ್ಟು ಯೇಸು ಸೈತಾನನ ಬಾಯಿಪಾಠವನ್ನು ಹಿಂದಕ್ಕೆ ಕಳಿಸುತ್ತಾನೆ. ಅಭಯವಾಕ್ಯವನ್ನು ಪಣಕ್ಕಿಡುವ ಓದು ತಪ್ಪೆಂದು ಬೈಬಲ್ಲೇ ಇಲ್ಲಿ ಕಲಿಸುತ್ತಿದೆ.

46ರ ಬಗ್ಗೆ ಚಿಕ್ಕದಾಗಿ. ಭೂಮಿ ಕದಲುತ್ತದೆ, ಬೆಟ್ಟಗಳು ಸಮುದ್ರಕ್ಕೆ ಬೀಳುತ್ತವೆ, ಅಷ್ಟರಲ್ಲಿ ನಗರವೊಂದನ್ನು ಸಂತೋಷಪಡಿಸುವ ನದಿ ಬರುತ್ತದೆ. ಯೆರೂಸಲೇಮಿನಲ್ಲಿ ನದಿಯೇ ಇಲ್ಲ. ಇರುವುದು ಗೀಹೋನ್ ಎಂಬ ಬುಗ್ಗೆ, ಅದರ ನೀರನ್ನು ಊರೊಳಕ್ಕೆ ತಂದ, ಅರಸ ಹಿಜ್ಕೀಯನದೆನ್ನುವ, ಸುಮಾರು 533 ಮೀಟರ್ ಉದ್ದದ ಸುರಂಗ. ಮೊರೆಯುವ ಕಡಲಿನ ಎದುರು ಕವಿ ನಿಲ್ಲಿಸುವುದು ಸದ್ದಿಲ್ಲದೆ ಹರಿಯುವ ಇಷ್ಟು ನೀರನ್ನು. ಸುಮ್ಮನಿರಿ ಎನ್ನುವ ಹತ್ತನೆಯ ವಚನ ಈಗ ಧ್ಯಾನದ ಪೋಸ್ಟರುಗಳ ಮೇಲೆ ಸೂರ್ಯೋದಯದ ಚಿತ್ರದ ಜೊತೆ ಓಡಾಡುತ್ತದೆ. ಅದರ ಹಿಂದಿನ ವಚನ ಓದಿ: ಬಿಲ್ಲು ಮುರಿಯುತ್ತಿದೆ, ಈಟಿ ತುಂಡಾಗುತ್ತಿದೆ, ರಥಗಳಿಗೆ ಬೆಂಕಿ ಬಿದ್ದಿದೆ. ಹೊಡೆದಾಡುತ್ತಿರುವ ಜನಾಂಗಗಳಿಗೆ ಹಾಕಿದ ಗದರಿಕೆ ಅದು. ಧರ್ಮಸುಧಾರಕ ಲೂಥರನ ಪ್ರಸಿದ್ಧ ಕೋಟೆಯ ಹಾಡು ಹುಟ್ಟಿದ್ದು ಈ ಕೀರ್ತನೆಯಿಂದ. ಸಂಗೀತಗಾರ ಬಾಖ್ ಅದೇ ಹಾಡಿನ ಮೇಲೆ ಕಂಟಾಟ ಎಂಬ ಗಾಯನಕೃತಿಯೊಂದನ್ನು ಕಟ್ಟಿದ.

ನಾಲ್ಕೂ ಆದಮೇಲೆ ತಪ್ಪದೆ 44 ಮತ್ತು 88 ತೆರೆಯಿರಿ. ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು 121 ಹೇಳಿದರೆ, ಏಳು, ಯಾಕೆ ಮಲಗಿದ್ದೀ ಎಂದು 44 ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ. ನಿಷ್ಠೆಯಿಂದ ನಡೆದೂ ಕುರಿಗಳಂತೆ ಕೊಲೆಯಾದವರ ಅಳಲು ಅದು. 88 ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಪುಸ್ತಕವನ್ನು ಜೋಡಿಸಿದವರು ಇವನ್ನು ಬಿಟ್ಟಿದ್ದರೆ ಕೇಳುವವರು ಇರಲಿಲ್ಲ. ಬಿಡಲಿಲ್ಲ. 88 ಓದಿ ಕೆಲವೇ ಪುಟ ತಿರುವಿದರೆ 91. ಅಭಯ ಸಿಗದವರ ದೂರನ್ನೂ ಒಳಗಿಟ್ಟುಕೊಂಡಿರುವುದರಿಂದಲೇ ಈ ಪುಸ್ತಕದ ಅಭಯವಾಕ್ಯಗಳಿಗೆ ನಾನು ಕಿವಿಗೊಡುತ್ತೇನೆ.

ಕೊನೆಗೆ ಒಂದು ಸಂಗೀತ. ಮೆಂಡೆಲ್ಸನ್‌ನ 'ಎಲೈಜಾ' 1846ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲು ಹಾಡಲಾದ ಒರಟೋರಿಯೊ, ಅಂದರೆ ಮೇಳ ವಾದ್ಯಗಳೊಡನೆ ಹಾಡುವ ಕಥನ. ಮೊದಲ ಭಾಗದಲ್ಲಿ 91ರ ದೇವದೂತರ ವಚನಗಳು ಎಂಟು ದನಿಗಳಲ್ಲಿ ಬರುತ್ತವೆ, ಕೇಳಿ. ಆದರೆ ಕಾದು ಕೂರಬೇಕಾದದ್ದು ಎರಡನೆಯ ಭಾಗಕ್ಕೆ. ಎಲೈಜಾ ಅಂದರೆ ನಮ್ಮ ಬೈಬಲ್ಲಿನ ಪ್ರವಾದಿ ಎಲೀಯ. ಅವನು ಬೆನ್ನಟ್ಟಿ ಬರುವವರಿಂದ ಓಡಿ ಮರುಭೂಮಿಗೆ ಬಂದು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿ ಜಾಲಿಯ ಗಿಡದಡಿ ನಿದ್ದೆಹೋಗುತ್ತಾನೆ. ವಾದ್ಯಗಳು ನಿಲ್ಲುತ್ತವೆ. ಮೂರು ಹೆಣ್ಣುದನಿಗಳು, ಜೊತೆಗೆ ಏನೂ ಇಲ್ಲದೆ, 121ರ ಬೆಟ್ಟಗಳ ಮಾತನ್ನು ಹಾಡುತ್ತವೆ. ಬೆನ್ನಿಗೇ ಮೇಳ ನಿದ್ರಿಸದವನನ್ನು ಹಾಡುತ್ತದೆ, ಮಲಗಿರುವವನ ತಲೆಯ ಮೇಲೆ. ಎಲೀಯ ಎದ್ದಾಗ ಅವನ ಮೊದಲ ಮಾತು ಕೃತಜ್ಞತೆಯಲ್ಲ, ನನ್ನ ದುಡಿಮೆಯೆಲ್ಲ ವ್ಯರ್ಥವಾಯಿತೆಂಬ ಹಳೆಯ ದೂರೇ. ಹೋರೇಬ್ ಬೆಟ್ಟಕ್ಕೆ ಅವನು ಇನ್ನೂ ನಲವತ್ತು ದಿನ ನಡೆಯಬೇಕು.