ಬಯಕೆ ಮಾಗಿಸುವ ರಾಜಮೌಳಿ

ರಾಯಲಸೀಮೆಯ ಗಡಿಯೂರು ಕೋಸಗಿಯ ಬಡಗಣಕ್ಕೆ ತುಂಗಭದ್ರೆ. ಹೊಳೆ ದಾಟಿದರೆ ಮಾನ್ವಿ ಸೀಮೆ. ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಬಂದ ಆಂಧ್ರದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಅಲ್ಲಿ ಹಲವು. ಹಿರೇಕೊಟ್ನೇಕಲ್ ಬಳಿಯ ಅಮರೇಶ್ವರ ಕ್ಯಾಂಪಿನಲ್ಲಿ 1973ರಲ್ಲಿ ಹುಟ್ಟಿದವರು ಎಸ್.ಎಸ್. ರಾಜಮೌಳಿ. ಮನೆಯಲ್ಲಿ ಕನ್ನಡ ಆಡುತ್ತ, ಟಾಕೀಸಿನಲ್ಲಿ ತೆಲುಗು ಸಿನಿಮಾ ಸವಿಯುವ ಗಡಿಯವರಿಗೆ ಅವರು ಎರಡು ಬಗೆಯಲ್ಲೂ ನಮ್ಮವರು.

2001ರ ‘ಸ್ಟೂಡೆಂಟ್ ನಂ. 1’ರಿಂದ 2022ರ ‘ಆರ್‌ಆರ್‌ಆರ್’ವರೆಗೆ ಹನ್ನೆರಡು ಚಿತ್ರಗಳು. ಅವುಗಳ ಸೊಗಸು ಸೆಟ್ಟು, ಗ್ರಾಫಿಕ್ಸ್‌ಗಳಲ್ಲಿದೆ ಎನ್ನುವವರು ಬಹಳ. ನನಗೆ ರುಚಿಸುವುದು ಬೇರೆ. ರಾಜಮೌಳಿ ಮೊದಲು ನಮ್ಮೊಳಗೊಂದು ಬಯಕೆ ಹುಟ್ಟಿಸುತ್ತಾರೆ, ಅದು ಮಾಗುವವರೆಗೆ ಕಾಯಿಸುತ್ತಾರೆ, ಆಮೇಲಷ್ಟೇ ಈಡೇರಿಸುತ್ತಾರೆ.

2012ರ ‘ಈಗ’ದಲ್ಲಿ ಕೊಲೆಯಾದ ಪ್ರೇಮಿ ನೊಣವಾಗಿ ಹುಟ್ಟುತ್ತಾನೆ. ನೊಣಕ್ಕೆ ಮಾತಿಲ್ಲ, ಮುಖಭಾವವಿಲ್ಲ. ತಾನೇ ಅವನೆಂದು ಹುಡುಗಿಗೆ ಹೇಳುವುದೆಂತು? ಅವಳ ಕಣ್ಣೀರಿನಲ್ಲೇ ಕಾಲಾಡಿಸಿ ಅದು ಅಕ್ಷರ ಮೂಡಿಸುತ್ತದೆ. ಅಗಲಿಕೆಗೆ ಸುರಿದ ನೀರೇ ಮಿಲನದ ಮಸಿ! ಎದುರಾಳಿ ನಮ್ಮ ಸುದೀಪ್. ನೊಣವನ್ನು ಗ್ರಾಫಿಕ್ಸ್‌ನಲ್ಲಿ ಕೂಡಿಸಿದ್ದು ಆಮೇಲೆ. ಕ್ಯಾಮೆರಾ ಮುಂದೆ ಅವರಿಗಿದ್ದದ್ದು ಬರಿಗಾಳಿ. ಆ ಗಾಳಿಯತ್ತ ಕೈಬೀಸಿ, ಬೆಚ್ಚಿ, ರೇಗಿ, ನಿದ್ದೆಗೆಟ್ಟು ನಟಿಸಿದರು. ಅವರ ದಿಗಿಲನ್ನು ನಂಬಿದ್ದರಿಂದಲೇ ನಾವು ನೊಣವನ್ನೂ ನಂಬಿದೆವು.

ಆದೋನಿ, ಕೋಸಗಿಯವರು ಬಿಡದೆ ನೋಡಬೇಕಾದದ್ದು ‘ಮರ್ಯಾದ ರಾಮಣ್ಣ’. ‘ಮಗಧೀರ’ದ ಅಬ್ಬರದ ಮರುವರ್ಷ, 2010ರಲ್ಲಿ, ಹಾಸ್ಯನಟ ಸುನಿಲ್‌ರನ್ನು ನಾಯಕನಾಗಿಸಿ ತೆಗೆದ ಪುಟ್ಟ ಚಿತ್ರ. ಎಳೆ ಬಸ್ಟರ್ ಕೀಟನ್‌ನ 1923ರ ಮೂಕಿ ಚಿತ್ರದ್ದು, ನೆಲ ರಾಯಲಸೀಮೆಯದು. ಜಮೀನು ಮಾರಲು ಬಂದ ಹುಡುಗ ಅರಿಯದೆ ಹಗೆಯವರ ಮನೆಯಲ್ಲೇ ಅತಿಥಿಯಾಗುತ್ತಾನೆ. ಆ ಮನೆಯೊಳಗೆ ರಕ್ತ ಬೀಳಕೂಡದು. ಹೊಸ್ತಿಲು ದಾಟಿದರೆ ಮಚ್ಚು ಸಿದ್ಧ. ಹೊರಡದಿರಲು ಅವನು ಹೂಡುವ ಒಂದೊಂದು ನೆಪಕ್ಕೂ ನಗುತ್ತೇವೆ, ನಗುತ್ತಲೇ ಅವನ ಜೀವಕ್ಕೆ ಹೆದರುತ್ತೇವೆ. ಸೀಮೆಯೆಂದರೆ ಬಾಂಬು, ಸುಮೋ ಎಂದೇ ತೋರಿಸುವ ಚಿತ್ರಗಳ ನಡುವೆ, ಈ ನೆಲದ ಅತಿಥಿಸತ್ಕಾರವನ್ನೇ ಕಥೆಯ ಬೆನ್ನೆಲುಬಾಗಿಸಿದ ಚಿತ್ರವಿದು.

‘ಬಾಹುಬಲಿ’ಯಲ್ಲಿ ನಾಯಕ ಶಿವಲಿಂಗವನ್ನೇ ಕಿತ್ತು ಹೆಗಲಿಗೇರಿಸುತ್ತಾನೆ. ಆ ಬಲಕ್ಕೆ ಬೆರಗಾಗುವ ಮೊದಲೇ ಕೊಡ ಕೊಡ ನೀರು ಹೊತ್ತು ಬಳಲಿದ ಸಾಕುತಾಯಿಯನ್ನು ನಾವು ಕಂಡಿರುತ್ತೇವೆ. ಲಿಂಗವನ್ನು ಜಲಪಾತದಡಿ ನಿಲ್ಲಿಸಿದರೆ ಅವಳ ಅಭಿಷೇಕಕ್ಕೆ ಕೊನೆಯೇ ಇರದು. ಆ ಎತ್ತುವಿಕೆಯಲ್ಲಿ ಭಕ್ತಿಗಿಂತ ಮಿಗಿಲಾದದ್ದು ಮಗನ ಕರುಳು.

2023ರಲ್ಲಿ ಆಸ್ಕರ್ ಗೆದ್ದ, ‘ಆರ್‌ಆರ್‌ಆರ್’ನ ‘ನಾಟು ನಾಟು’ ಹಾಡನ್ನು ಜಗತ್ತು ಹೆಜ್ಜೆಗಳಿಗಾಗಿ ಮೆಚ್ಚಿತು. ಹಾಡಿನ ಕೊನೆಯಲ್ಲಿ ಗೆಳೆಯ ಭೀಮನನ್ನು ಅವನ ಹುಡುಗಿಯ ಮುಂದೆ ಗೆಲ್ಲಿಸಲೆಂದು ರಾಮ ಬೇಕೆಂದೇ ಬೀಳುತ್ತಾನೆ. ಕುಣಿತವೆಲ್ಲ ಆ ಸೋಲಿಗಾಗಿ ಮಾಡಿದ ಸಿದ್ಧತೆ. ಗೆಲುವಿನ ಚಿತ್ರಗಳನ್ನು ಯಾರು ಬೇಕಾದರೂ ತೆಗೆದಾರು. ಗೆಳೆಯನಿಗಾಗಿ ಸೋಲುವುದರ ಸವಿಯನ್ನು ಇಷ್ಟು ದೊಡ್ಡ ಪರದೆಗೆ ತಂದದ್ದು ರಾಜಮೌಳಿಯ ಹೆಚ್ಚುಗಾರಿಕೆ.