ಪಿನ್‌ಫೋಲ್ಡನ ಸೀಸೆ

ಈವ್ಲಿನ್ ವಾ 1957ರಲ್ಲಿ ಪ್ರಕಟಿಸಿದ ‘ದಿ ಆರ್ಡೀಲ್ ಆಫ್ ಗಿಲ್ಬರ್ಟ್ ಪಿನ್‌ಫೋಲ್ಡ್’ ಕಾದಂಬರಿಯು ಕಲಾವಿದನ ಅಂತರಂಗವಿಚ್ಛೇದದ ಚಿತ್ರವೆಂದು ಗಳಿಸಿರುವ ಕೀರ್ತಿ ಅದಕ್ಕೆ ಸಲ್ಲತಕ್ಕುದಲ್ಲ. ಸಲ್ಲಬೇಕಾದ ಕೀರ್ತಿ ಬೇರೊಂದುಂಟು, ಅದನ್ನು ಕೊಡಲು ವಿಮರ್ಶಕರು ಮನಸ್ಸು ಮಾಡಿಲ್ಲ. ಹಡಗನ್ನೇರಿದ ಐವತ್ತರ ಪ್ರಾಯದ ಗ್ರಂಥಕರ್ತನೊಬ್ಬನಿಗೆ ಎಲ್ಲೆಡೆಯಿಂದಲೂ ನಿಂದೆಯ ದನಿಗಳು ಕೇಳತೊಡಗುವುದೂ, ಅವು ಕೊಲಂಬೋವರೆಗೂ ಅವನ ಬೆನ್ನು ಬಿಡದಿರುವುದೂ, ಇದೆಲ್ಲ 1954ರಲ್ಲಿ ವಾ ಸ್ವತಃ ಪಟ್ಟ ಪಾಡೆಂಬುದೂ ವಾಚಕರು ಬಲ್ಲ ಸಂಗತಿಗಳೇ.

ನನ್ನನ್ನು ಬಹುಕಾಲ ಕಾಡಿರುವುದು ಆರಂಭದ ಒಂದು ಪುಟ್ಟ ಭಾಗ. ಪಿನ್‌ಫೋಲ್ಡನ ಅಭಿರುಚಿ, ಆಲಸ್ಯ, ನವೀನವಾದುದೆಲ್ಲದರ ಮೇಲಣ ಜುಗುಪ್ಸೆ ಇವುಗಳನ್ನು ನಗುನಗುತ್ತ ವರ್ಣಿಸುವ ಲೇಖಕನು ಅದೇ ಧಾಟಿಯಲ್ಲಿ ನಿದ್ರೆಯ ಪ್ರಸ್ತಾಪಕ್ಕೆ ಬರುತ್ತಾನೆ. ಕ್ಲೋರಲ್ ಮತ್ತು ಬ್ರೋಮೈಡ್ ಬೆರೆತ ಔಷಧವನ್ನು ಪಿನ್‌ಫೋಲ್ಡನು ಹಳೆಯ ಚೀಟಿಯೊಂದರ ಬಲದಿಂದ ಲಂಡನ್ನಿನಲ್ಲಿ ಕೊಳ್ಳುತ್ತಾನೆ. ಊರಿನ ವೈದ್ಯ ಡ್ರೇಕನಿಗೆ ಅದರ ಸುಳಿವಿಲ್ಲ. ಅಳತೆಯ ಗೊಡವೆಗೆ ಹೋಗದೆ ಮನಸ್ಸು ಬಂದಷ್ಟು ಸುರಿದುಕೊಳ್ಳುತ್ತಾನೆ, ನಡುರಾತ್ರಿ ಎಚ್ಚತ್ತರೆ ತಡವರಿಸುತ್ತ ಎದ್ದು ಮತ್ತಷ್ಟು ಕುಡಿಯುತ್ತಾನೆ. ಓದುಗನು ಇದನ್ನೂ ಒಂದು ವಿಲಕ್ಷಣ ಶೀಲವೆಂದೆಣಿಸಿ ನಕ್ಕು ಮುಂದೆ ಸಾಗುವನು. ಕೊಲೆಗಡುಕನನ್ನು ಮದುವೆಮನೆಯ ಬಾಣಸಿಗರ ಪಂಕ್ತಿಯಲ್ಲಿ ಕುಳ್ಳಿರಿಸುವ ಈ ಕೌಶಲವನ್ನು ನಾನು ವಾನ ಬೇರೆ ಯಾವ ಕೃತಿಯಲ್ಲಿಯೂ ಕಂಡಿಲ್ಲ.

ಏಕೆಂದರೆ ಇಡೀ ಕಥಾವಸ್ತು ಆ ಅಳತೆಯಿಲ್ಲದ ಲೋಟದಲ್ಲಿದೆ. ಲೀಬಿಗ್ 1832ರಲ್ಲಿ ಕಂಡುಹಿಡಿದ ಕ್ಲೋರಲನ್ನು 1869ರಲ್ಲಿ ಲೀಬ್ರೈಖ್ ನಿದ್ರೌಷಧವನ್ನಾಗಿಸಿದ್ದು, ಅದು ರಕ್ತದಲ್ಲಿ ಕ್ಲೋರೋಫಾರ್ಮಾಗಿ ಮಾರ್ಪಡುವುದೆಂಬ ತಪ್ಪು ನಂಬಿಕೆಯಿಂದ. ನಂಬಿಕೆ ಸುಳ್ಳಾದರೂ ನಿದ್ರೆ ಬಂದಿತು. ನಿದ್ರೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆವ ಪ್ರಮಾಣಕ್ಕೂ ಅದರಲ್ಲಿ ಅಂತರ ಕಿರಿದು. ಆದರೂ ಅದು ರಾತ್ರಿಯ ಅತಿಥಿ. ಬ್ರೋಮೈಡಾದರೋ ಬಂದು ನೆಲೆಸುವ ನೆಂಟ. ಮೂತ್ರಪಿಂಡವು ಅದನ್ನು ಉಪ್ಪಿನ ಕ್ಲೋರೈಡೆಂದೇ ಭ್ರಮಿಸಿ ಉಳಿಸಿಕೊಳ್ಳುವುದರಿಂದ, ಒಳಹೊಕ್ಕುದರ ಅರ್ಧ ಹೊರಡಲು ಸುಮಾರು 12 ದಿನ ಬೇಕು. ದಿನದಿನವೂ ಕುಡಿವವನಲ್ಲಿ ನಿನ್ನೆಯದರ ಮೇಲೆ ಇಂದಿನದು ಕೂಡಿ, ಮರೆವು, ತೊದಲು, ನಡುಕ, ಕೊನೆಗೆ ಅಶರೀರವಾಣಿ. ಪೋರ್ಟ್ ಸೈದಿನಲ್ಲಿ ಪಿನ್‌ಫೋಲ್ಡ್ ಹಡಗಿನಿಂದಿಳಿದನು. ಅವನ ರಕ್ತದಿಂದ ಬ್ರೋಮೈಡು ಇಳಿಯಲಿಲ್ಲ. ದನಿಗಳು ಅಲ್ಲಿಂದ ಅವನೊಡನೆ ವಿಮಾನವನ್ನೂ ಏರಿದ್ದರಲ್ಲಿ ಅತಿಮಾನುಷವಾದುದೇನೂ ಇಲ್ಲ. ಕ್ಲೋರಲನ್ನು ವಿಸ್ಕಿಯೊಡನೆ ಸೇವಿಸಿ ಹಾಳಾದ ಕವಿ-ಚಿತ್ರಕಾರ ರೊಸೆಟ್ಟಿಯ ಜೀವನಚರಿತ್ರೆಯೇ 1928ರಲ್ಲಿ ಬಂದ ವಾನ ಪ್ರಥಮ ಗ್ರಂಥವೆಂಬುದನ್ನು ನೆನೆದರೆ, ಆ ಪುಟವು ಅಜ್ಞಾನದಿಂದ ಹುಟ್ಟಿದ್ದೆನ್ನಲು ಯಾರಿಗೂ ಬಾಯಿ ಬಾರದು.

ಕಾದಂಬರಿಯನ್ನು ವಿಮರ್ಶಿಸಿದ ಸಾಹಿತಿ ಜೆ. ಬಿ. ಪ್ರೀಸ್ಟ್ಲಿಯವರ ಕಣ್ಣಿಗೆ ಈ ಸೀಸೆ ಬೀಳದೆ ಹೋಗಿರಲಾರದು. ಬಿದ್ದರೂ ಅದು ಅವರಿಗೆ ಬೇಕಾಗಿರಲಿಲ್ಲ. ಹಳ್ಳಿಗಾಡಿನ ಜಮೀನ್ದಾರನ ವೇಷ ತೊಟ್ಟ ಕಲಾವಿದನ ಮೇಲೆ ಅವನೊಳಗಣ ಕಲಾವಿದನೇ ಸೇಡು ತೀರಿಸಿಕೊಂಡನೆಂದು ‘ನ್ಯೂ ಸ್ಟೇಟ್ಸ್‌ಮನ್’ನಲ್ಲಿ ಅವರು ವ್ಯಾಖ್ಯಾನಿಸಿದರು; ವಾ ‘ಸ್ಪೆಕ್ಟೇಟರ್’ನಲ್ಲಿ ಕಟುವಾಗಿ ಉತ್ತರಿಸಿದನು. ಅಂದಿನಿಂದ ಆ ವೇಷದ ಸಿದ್ಧಾಂತವನ್ನೇ ಪಂಡಿತರು ಮಡಿಬಟ್ಟೆಯಂತೆ ಒಬ್ಬರಿಂದೊಬ್ಬರು ಈಸಿಕೊಂಡು ಉಡುತ್ತಿದ್ದಾರೆ. ವಿಷವೆಂದರೆ ವಿಮರ್ಶಕನಿಗೆ ಕೆಲಸವಿಲ್ಲ. ವೇಷವೆಂದರೆ ಪುಟಗಟ್ಟಲೆ ಬರೆಯಬಹುದು.

ವಾನದೂ ತಪ್ಪಿಲ್ಲವೆನ್ನಲಾರೆ. ಇದು ಬರಿಯ ವಿಷಪ್ರಯೋಗದ ಪ್ರಕರಣವೆಂಬ ಡ್ರೇಕನ ನಿರ್ಣಯವನ್ನು ಕೊನೆಯಲ್ಲಿ ಒಂದೇ ಮಾತಿನಲ್ಲಿ ಮುಗಿಸಿ, ನಾಯಕನು ತಾನೇ ಹೋರಾಡಿ ಗೆದ್ದೆನೆಂದು ಬೀಗುವುದಕ್ಕೆ ಎಡೆಗೊಟ್ಟದ್ದರಿಂದ ವ್ಯಾಖ್ಯಾನಕಾರರಿಗೆ ಬಾಗಿಲು ತೆರೆಯಿತು. ನಿಜಜೀವನದಲ್ಲಿ ಮನೋವೈದ್ಯ ಇ. ಬಿ. ಸ್ಟ್ರಾಸ್ ವೇಷದ ಗೋಜಿಗೆ ಹೋಗದೆ ಔಷಧವನ್ನು ಮಾತ್ರ ಬದಲಿಸಿ ಪ್ಯಾರಾಲ್ಡಿಹೈಡ್ ಕೊಟ್ಟರು; ದನಿಗಳು ಅಡಗಿದವು. ವಾ ಮಾತ್ರ 1966ರಲ್ಲಿ ಸಾಯುವವರೆಗೂ ಅದೇ ಜಮೀನ್ದಾರನ ಉಡುಪಿನಲ್ಲಿಯೇ ಇದ್ದನು.